ಹದಿನಾರು ಕೂಸಿನ ಸ್ಟೂಲು

ನೇಗಿಲು, ಕೂರಿಗೆ, ಗಾಡಿಗಳ ಕೆಲಸ ನಿಂತುಹೋದ ಬಯಲುಸೀಮೆಯಲ್ಲಿ ಬಡಗಿಯ ಶೆಡ್ಡು ಪೀಠೋಪಕರಣದ ಪಾಠಶಾಲೆಯಾಗಬಲ್ಲದು. ಮೊದಲ ಪಾಠಕ್ಕೆ ಒಂದು ಸ್ಟೂಲು ಸಾಕು. ಅದಕ್ಕೆ ಬೇಕಾದ ಮರ ಊರಿನ ಬೇಲಿಯಲ್ಲೇ ಇದೆ, ಕಲಿಸುವ ಕೈ ಪಕ್ಕದ ಬೀದಿಯಲ್ಲೇ ಇದೆ. ಅವೆರಡನ್ನೂ ಕಲಿಯುವವರಿಗೆ ತಲುಪಿಸುವ ವ್ಯವಸ್ಥೆ ಮಾತ್ರ ಇನ್ನೂ ಆಗಬೇಕಿದೆ.

ಆಯುಧ ಪೂಜೆಯ ದಿನ ಮಿಡಿಗೇಶಿಯಂಥ ಹೋಬಳಿ ಊರುಗಳಲ್ಲಿ ಬಡಗಿಯ ಶೆಡ್ಡು ವರ್ಷದ ಬೇರೆ ಯಾವ ದಿನವೂ ಇರದಷ್ಟು ಮೌನವಾಗಿರುತ್ತದೆ. ಹೊಟ್ಟು, ಸಿಪ್ಪೆಗಳನ್ನು ಗುಡಿಸಿದ ನೆಲಕ್ಕೆ ನೀರು ಚಿಮುಕಿಸಿ, ಹಳೆಯ ಹಲಗೆಯೊಂದರ ಮೇಲೆ ಬಾಚಿ, ಉಳಿ, ಗರಗಸ, ಹತ್ತರಿ, ಕೊಡತಿಗಳನ್ನು ಸಾಲಾಗಿ ಇಟ್ಟು, ಕಬ್ಬಿಣಕ್ಕೆ ಎಣ್ಣೆ ಸವರಿ, ಹಿಡಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಲಾಗುತ್ತದೆ. ಸಾಲಿನ ಕೊನೆಯಲ್ಲಿ ವೈರು ಸುತ್ತಿಟ್ಟ ಡ್ರಿಲ್ಲು, ವೃತ್ತಾಕಾರದ ಗರಗಸ, ಅಂಚು ತೀಡುವ ರೂಟರ್ ಯಂತ್ರಗಳಿಗೂ ಅದೇ ಹೂವು, ಅದೇ ಕುಂಕುಮ ಸಲ್ಲುತ್ತದೆ.

ಆ ಸಾಲನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮರಗೆಲಸದ ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ. ಮರವನ್ನು ಒರಟಾಗಿ ಕೆತ್ತಿ ತೆಗೆಯುವ ಬಾಚಿ ನೇಗಿಲು, ಗಾಡಿಗಳ ಕಾಲದ ಸಲಕರಣೆ. ಮರದ ಮೈಯನ್ನು ತೆಳುವಾಗಿ ಕೀಸಿ ನಯಗೊಳಿಸುವ ಹತ್ತರಿ, ಕೆಲವರ ಬಾಯಲ್ಲಿ ತೋಪಡ, ಬಾಗಿಲು ಕಿಟಕಿಗಳ ಕಾಲದ್ದು. ರೂಟರ್ ಬಂದದ್ದು ಪ್ಲೈವುಡ್ಡಿನ ಕಪಾಟುಗಳ ಜೊತೆಗೆ. ಮೂರು ಕಾಲಗಳ ಸಲಕರಣೆಗಳೂ ಒಂದೇ ಹಲಗೆಯ ಮೇಲೆ ಕುಳಿತಿವೆಯಾದರೂ ಅವುಗಳಲ್ಲಿ ಮೊದಲಿನ ಎರಡನ್ನು ಹಿಡಿಯಬಲ್ಲ ಕೈಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಹಿಂದಿನ ಹಳ್ಳಿಯಲ್ಲಿ ಬಡಗಿ ಹನ್ನೆರಡು ಆಯಗಾರರಲ್ಲಿ ಒಬ್ಬ. ಆಯವೆಂದರೆ ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನೂ ಕಣದಿಂದ ಅಳೆದುಕೊಡುತ್ತಿದ್ದ ಧಾನ್ಯದ ಪಾಲು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ನೇಗಿಲು, ಕುಂಟೆ, ಬಿತ್ತನೆಯ ಕೂರಿಗೆ, ನೊಗ, ಗಾಡಿಯ ಕೀಲುಗಳನ್ನು ಸರಿಪಡಿಸಿಕೊಡುವುದು ಬಡಗಿಯ ಹೊಣೆ. ಮಗ ತಂದೆಯ ಪಕ್ಕದಲ್ಲಿ ಕುಳಿತು, ಕಾಲ್ಬೆರಳಿನಿಂದ ಮರವನ್ನು ಒತ್ತಿ ಹಿಡಿದು, ಕಸುಬನ್ನು ನೋಡಿ ನೋಡಿಯೇ ಕಲಿಯುತ್ತಿದ್ದ. ಪಾಠವೆಂಬ ಪ್ರತ್ಯೇಕ ಹೆಸರು ಅದಕ್ಕಿರಲಿಲ್ಲ.

ಟ್ರ್ಯಾಕ್ಟರು ಬಂದ ಮೇಲೆ ಆಯದ ಲೆಕ್ಕ ಮುಗಿಯಿತು. ಕಬ್ಬಿಣದ ಕಲ್ಟಿವೇಟರ್ ನೇಗಿಲಿನ ಜಾಗವನ್ನೂ, ಯಂತ್ರದ ಕೂರಿಗೆ ಮರದ ಕೂರಿಗೆಯ ಜಾಗವನ್ನೂ ಹಿಡಿದವು. ಪಾವಗಡದ ತಿರುಮಣಿ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನಕ್ಕೆ ಗುತ್ತಿಗೆಯಾದಾಗ ಅಲ್ಲಿ ಉಳುಮೆಯೇ ನಿಂತಿತು. ಉಳುಮೆ ನಿಂತ ನೆಲದಲ್ಲಿ ನೇಗಿಲು ಮಾಡುವವನಿಗೆ ಕೆಲಸ ಉಳಿಯುವುದಿಲ್ಲ.

ಈ ಕಸುಬಿಗೆ ಕನ್ನಡ ನಾಡಿನಲ್ಲಿ ಇರುವ ಗೌರವ ಸಣ್ಣದಲ್ಲ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಬಾಚಿಕಾಯಕದ ಬಸವಯ್ಯನೆಂಬ ವಚನಕಾರನಿದ್ದ. ಹಿಡಿದ ಆಯುಧದ ಹೆಸರೇ ಆತನ ಹೆಸರಿನ ಮೊದಲ ಪದವಾಯಿತು. ಇದೇ ಸೀಮೆಯ ಶಿರಾದಲ್ಲಿ ಮೊಗಲರ ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ ಅರಮನೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳಲ್ಲಿ ಹೈದರ್ ಮತ್ತು ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಮಾದರಿಯಾಯಿತೆಂದು ಮೈಸೂರು ಗೆಜೆಟಿಯರ್‌ನಲ್ಲಿ ಲೂಯಿಸ್ ರೈಸ್ ದಾಖಲಿಸಿದ್ದಾನೆ. ಶಿರಾದ ಅರಮನೆ ಇಂದು ಉಳಿದಿಲ್ಲ. ಬೆಂಗಳೂರಿನಲ್ಲಿ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯ ತೇಗದ ಕಂಬಗಳ ಮುಂದೆ ನಿಂತವರಿಗೆ, ಆ ಮಾದರಿಯ ಹಿಂದಿದ್ದ ಕೈಗಳ ಪಳಗಿಕೆ ಎಂಥದ್ದಿತ್ತೆಂಬ ಅಂದಾಜು ಸಿಗುತ್ತದೆ.

ಅಂಥ ಪಳಗಿಕೆ ಕುಟುಂಬದೊಳಗೆ ಹರಿದುಬರುವ ದಾರಿ ಈಗ ಮುಚ್ಚುತ್ತಿದೆ. ಹೊರಗಿನಿಂದ ಬಂದು, ಯಾವ ಮನೆತನದ ಹಿನ್ನೆಲೆಯೂ ಇಲ್ಲದೆ, ಶೆಡ್ಡಿನ ಬಾಗಿಲಲ್ಲಿ ನಿಂತು ಕಲಿಯಬೇಕೆನ್ನುವ ಹುಡುಗ ಅಥವಾ ಹುಡುಗಿಗೆ ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವುದು ಹೇಗೆಂಬುದು ಈಗಿನ ಪ್ರಶ್ನೆ. ಅದಕ್ಕೆ ಉತ್ತರ ಯಂತ್ರದಿಂದ ಶುರುವಾಗುವುದಿಲ್ಲ.

ಮೊದಲು ಸಾಣೆಕಲ್ಲು

ಮರಗೆಲಸದ ಮೊದಲ ದಿನ ಮರವನ್ನು ಮುಟ್ಟಬೇಕಾಗಿಯೇ ಇಲ್ಲ. ಅಂಗಡಿಯಿಂದ ತಂದ ಹೊಸ ಉಳಿ ನೋಡಲು ಹೊಳೆಯುತ್ತದೆಯೇ ಹೊರತು ಕೆಲಸಕ್ಕೆ ಬರುವಷ್ಟು ಹರಿತವಾಗಿರುವುದಿಲ್ಲವಾದ್ದರಿಂದ, ಅದರ ಬಾಯಿಗೆ ಸಾಣೆ ಹಿಡಿಯುವುದೇ ಮೊದಲ ಕೆಲಸ.

ಉಳಿಗೆ ಎರಡು ಮೈ. ಒಂದು ಚಪ್ಪಟೆಯಾದ ಬೆನ್ನು, ಇನ್ನೊಂದು ಇಳಿಜಾರಾದ ಮುಖ. ಕಲಿಯುವವರು ಬಹುತೇಕ ಇಳಿಜಾರನ್ನು ಮಾತ್ರ ಉಜ್ಜಿ ಬೆನ್ನನ್ನು ಮರೆಯುತ್ತಾರೆ. ಬೆನ್ನು ಕಲ್ಲಿನ ಮೇಲೆ ಪೂರ್ತಿ ಕೂತು ತುದಿಯ ಅರ್ಧ ಇಂಚಾದರೂ ಒಂದೇ ಸಮನೆ ಹೊಳೆಯುವವರೆಗೆ ಇಳಿಜಾರನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಏಕೆಂದರೆ ಹರಿತವೆಂಬುದು ಎರಡು ನಯವಾದ ಮೈಗಳು ಸೇರುವ ಅಂಚೇ ಹೊರತು ಬೇರೇನಲ್ಲ. ಇಳಿಜಾರನ್ನು ಸಾಮಾನ್ಯವಾಗಿ 25 ಡಿಗ್ರಿ ಕೋನದಲ್ಲಿ ಅರೆದು, ತುದಿಯ ಸಣ್ಣ ಪಟ್ಟಿಯನ್ನು ಮಾತ್ರ 30 ಡಿಗ್ರಿಗೆ ಎತ್ತಿ ಮಸೆಯುತ್ತಾರೆ. ಇದರಿಂದ ಬಾಯಿ ಹರಿತವೂ ಆಗುತ್ತದೆ, ಗಟ್ಟಿಮರಕ್ಕೆ ಬಡಿದಾಗ ಚಕ್ಕೆ ಏಳುವುದೂ ಇಲ್ಲ.

ಇಳಿಜಾರನ್ನು ಮಸೆದ ಮೇಲೆ ಬೆನ್ನನ್ನು ಬೆರಳಿನಿಂದ ಅಂಚಿನ ಕಡೆಗೆ ಮೆಲ್ಲನೆ ಸವರಿದರೆ ಕೂದಲೆಳೆಯಂಥ ಒರಟು ಸಿಗುತ್ತದೆ. ಉಕ್ಕಿನ ಬಾಯಿ ಇನ್ನೊಂದು ಬದಿಗೆ ಮಗುಚಿದ ಗುರುತು ಅದು. ಅದು ಅಂಚಿನುದ್ದಕ್ಕೂ ಒಂದೇ ಸಮ ಇದೆಯೆಂದರೆ ಇಳಿಜಾರಿನ ಕೆಲಸ ಮುಗಿಯಿತು; ಬೆನ್ನನ್ನು ಕಲ್ಲಿಗೆ ಮಲಗಿಸಿ ಎರಡು ಸಲ ಎಳೆದರೆ ಆ ಎಳೆ ಉದುರುತ್ತದೆ. ಮೆದುಮರದ ತುದಿಯನ್ನು, ಅಂದರೆ ನಾರು ಕತ್ತರಿಸಿ ನಿಂತ ಮುಖವನ್ನು, ಕೈಯ ಒತ್ತಡದಿಂದಲೇ ಸವರಿ ತೆಗೆದಾಗ ಅಲ್ಲಿ ಪುಡಿ ಉದುರದೆ ಮೇಣದಂಥ ಹೊಳಪು ಉಳಿದರೆ ಉಳಿ ಸಿದ್ಧವಾಗಿದೆ. ಇಷ್ಟನ್ನು ಕಲಿತವರು ಅರ್ಧ ಕಸುಬನ್ನು ಕಲಿತಂತೆ. ಮೊಂಡು ಉಳಿಗೆ ಹೆಚ್ಚು ಬಲ ಬೇಕು, ಹೆಚ್ಚು ಬಲ ಹಾಕಿದಾಗ ಕೈ ಜಾರುತ್ತದೆ, ಜಾರಿದ ಕೈಗೆ ಗಾಯವಾಗುತ್ತದೆ. ಆದ್ದರಿಂದ ಹರಿತವಾದ ಆಯುಧವೇ ಸುರಕ್ಷಿತವಾದ ಆಯುಧ.

ಗರಗಸಕ್ಕೂ ಇಂಥದೇ ಉಪಚಾರ ಬೇಕು. ಅದರ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತುಸು ಬಾಗಿಸಿರಲಾಗುತ್ತದೆ. ಇದರಿಂದ ಕೊಯ್ದ ಸೀಳು ತಗಡಿಗಿಂತ ಅಗಲವಾಗಿ, ಗರಗಸ ಮರದೊಳಗೆ ಸಿಕ್ಕಿಬೀಳದೆ ಓಡಾಡುತ್ತದೆ. ನಾರಿನ ಉದ್ದಕ್ಕೆ ಸೀಳುವ ಗರಗಸದ ಹಲ್ಲು ಪುಟ್ಟ ಉಳಿಯಂತೆಯೂ, ನಾರಿಗೆ ಅಡ್ಡ ಕೊಯ್ಯುವ ಗರಗಸದ ಹಲ್ಲು ಚಾಕುವಿನಂತೆಯೂ ಇರುತ್ತದೆ. ಈ ವ್ಯತ್ಯಾಸ ತಿಳಿಯದೆ ಸೀಳುಗರಗಸದಿಂದ ಅಡ್ಡ ಕೊಯ್ದರೆ ತುದಿಯೆಲ್ಲ ಸಿಗುರು ಏಳುತ್ತದೆ.

ನೂಲಿನ ಲೆಕ್ಕ

ಪಠ್ಯಪುಸ್ತಕಗಳೆಲ್ಲ ಮಿಲಿಮೀಟರಿಗೆ ಬಂದು ದಶಕಗಳು ಕಳೆದರೂ ಶೆಡ್ಡಿನ ಮಾತು ಇನ್ನೂ ಇಂಚು, ನೂಲಿನಲ್ಲೇ ನಡೆಯುತ್ತದೆ. ಇಂಚಿನ ಎಂಟನೆಯ ಒಂದು ಭಾಗ ಒಂದು ನೂಲು, ಎಂದರೆ ಮೂರು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. “ಒಂದೂವರೆ ಇಂಚು ಎರಡು ನೂಲು” ಎಂದು ಹೇಳಿದೊಡನೆ ಕಲಿಯುವವರ ಕಣ್ಣಿಗೆ ಒಂದೂಮುಕ್ಕಾಲು ಇಂಚು ಕಾಣಬೇಕು. ಎರಡು ಭಾಷೆಯನ್ನೂ ಬಲ್ಲವರು ಶೆಡ್ಡಿನಲ್ಲೂ ತೋಡಬಲ್ಲರು, ಪರೀಕ್ಷೆಯಲ್ಲೂ ಬರೆಯಬಲ್ಲರು.

ಅಳತೆಗಿಂತ ಮುಖ್ಯವಾದದ್ದು ಮುಖವನ್ನು ಗುರುತಿಸುವುದು. ಮರದ ತುಂಡಿನ ನಾಲ್ಕು ಮೈಗಳಲ್ಲಿ ಅತ್ಯಂತ ಚೆನ್ನಾದ ಒಂದನ್ನು ಆರಿಸಿ ಹತ್ತರಿಯಿಂದ ಸಮಗೊಳಿಸಿ, ಪಟ್ಟಿಯನ್ನಿಟ್ಟು ಬೆಳಕಿಗೆ ಹಿಡಿದು ಅಡಿಯಿಂದ ಬೆಳಕು ತೂರದಿದ್ದಾಗ ಅದಕ್ಕೆ ಪೆನ್ಸಿಲಿನ ಗುರುತು ಹಾಕುತ್ತಾರೆ, ಇದು ಮುಖ. ಅದಕ್ಕೆ ಮೂಲೆಮಟ್ಟ ಹಿಡಿದು 90 ಡಿಗ್ರಿಗೆ ತಂದ ಪಕ್ಕದ ಮೈಯೇ ಮುಖದಂಚು. ಮುಂದೆ ಎಳೆಯುವ ಎಲ್ಲ ಗೆರೆಗಳನ್ನೂ ಈ ಎರಡು ಮೈಗಳಿಂದಲೇ ಅಳೆಯಬೇಕೆಂಬುದು ಕಟ್ಟುನಿಟ್ಟಿನ ನಿಯಮ, ಏಕೆಂದರೆ ಉಳಿದ ಎರಡು ಮೈಗಳಲ್ಲಿ ಅರ್ಧ ನೂಲು ವ್ಯತ್ಯಾಸವಿದ್ದರೂ ಆಗ ಜೋಡಣೆ ಕೆಡುವುದಿಲ್ಲ.

ಕೊಯ್ಯುವಾಗ ಗರಗಸ ಗೆರೆಯ ಮೇಲೆ ಓಡಬಾರದು, ಗೆರೆಯಾಚೆಗಿನ ವ್ಯರ್ಥ ಭಾಗದಲ್ಲಿ ಓಡಬೇಕು. ಗೆರೆಯನ್ನು ಉಳಿಸಿ ಕೊಯ್ಯುವುದನ್ನು ಕಲಿಯಲು ಬೇರೆ ಉಪಾಯವಿಲ್ಲ. ರದ್ದಿ ಮರದ ಮೇಲೆ ಅರ್ಧ ಅರ್ಧ ಇಂಚಿಗೆ ಗೆರೆ ಎಳೆದು, ಕೈ ಸೋಲುವವರೆಗೆ ಕೊಯ್ಯುತ್ತ ಹೋಗಬೇಕು. ಮೊದಲ ವಾರದ ಸೀಳುಗಳು ಹೊರಳುತ್ತವೆ, ಎರಡನೆಯ ವಾರದವು ನೇರವಾಗುತ್ತವೆ. ಕೈ ಪಳಗುವುದೆಂದರೆ ಇದೇ.

> ಕಲಿಯುವವರ ಪೆಟ್ಟಿಗೆಯಲ್ಲಿ
> ಆರಂಭಕ್ಕೆ ಬೇಕಾದದ್ದು ಬಹಳ ಕಡಿಮೆ: ಮೂರು, ನಾಲ್ಕು ಮತ್ತು ಎಂಟು ನೂಲಿನ ಮೂರು ಉಳಿ, ಒಂದು ಹತ್ತರಿ, ಸಣ್ಣ ಹಲ್ಲಿನ ಒಂದು ಮತ್ತು ದಪ್ಪ ಹಲ್ಲಿನ ಒಂದು ಗರಗಸ, ಮೂಲೆಮಟ್ಟ, ಅಂಚಿಗೆ ಸಮಾನಾಂತರವಾಗಿ ಗೀರು ಎಳೆಯುವ ಎರಡು ಮೊನೆಯ ಮಾರ್ಕಿಂಗ್ ಗೇಜು, ಉಕ್ಕಿನ ಪಟ್ಟಿ, ಎರಡು ಬದಿಯ ಸಾಣೆಕಲ್ಲು, ನಾಲ್ಕು ಕ್ಲಾಂಪು. ಕೊಡತಿಯನ್ನು ಕೊಳ್ಳಬೇಕಿಲ್ಲ, ಒಣಗಿದ ಹುಣಸೆಯ ಬಲಿತ ಒಳಮರದಿಂದ ಅದನ್ನು ತಾವೇ ಮಾಡಿಕೊಳ್ಳುವುದು ಒಳ್ಳೆಯ ಮೊದಲ ಅಭ್ಯಾಸ.

ಸ್ಟೂಲಿನೊಳಗೆ ಇಡೀ ಕಸುಬು

ಕಲಿಕೆಯ ಮೊದಲ ಪೂರ್ಣ ವಸ್ತುವಾಗಿ ಸ್ಟೂಲನ್ನು ಆರಿಸುವುದಕ್ಕೆ ಗಟ್ಟಿ ಕಾರಣವಿದೆ. ಕುರ್ಚಿ, ಮೇಜು, ಮಂಚಗಳಲ್ಲಿ ಬರುವ ಜೋಡಣೆಯೆಲ್ಲ ಅದರಲ್ಲಿ ಪುಟ್ಟದಾಗಿ ಬಂದುಹೋಗುತ್ತದೆ. ಮೇಲಾಗಿ ತಪ್ಪಿದರೆ ನಷ್ಟವಾಗುವ ಮರವೂ ಅಲ್ಪ.

ಹದಿನೆಂಟು ಇಂಚು ಎತ್ತರದ ಸಾದಾ ಸ್ಟೂಲಿಗೆ ಒಂದೂಮುಕ್ಕಾಲು ಇಂಚು ಚದರದ ನಾಲ್ಕು ಕಾಲುಗಳು, ಮೇಲೆ ನಾಲ್ಕು ಮತ್ತು ಕೆಳಗೆ ನಾಲ್ಕು ಅಡ್ಡಪಟ್ಟಿಗಳು, ಕೂರಲು ಒಂದು ಅಡಿ ಚದರದ ಹಲಗೆ ಬೇಕು. ಪ್ರತಿ ಅಡ್ಡಪಟ್ಟಿಯ ಎರಡೂ ತುದಿಗಳನ್ನು ನಾಲಗೆಯಂತೆ ತೆಳುವಾಗಿ ಕೊಯ್ದು ಬಿಡಿಸುತ್ತಾರೆ, ಇದೇ ಕೂಸು. ಅದು ಕೂರುವಂತೆ ಕಾಲಿನಲ್ಲಿ ತೋಡಿದ ಆಯತಾಕಾರದ ಗೂಡೇ ತೂತು. ಎಂಟು ಪಟ್ಟಿಗೆ ಹದಿನಾರು ಕೂಸು, ಹದಿನಾರು ತೂತು. ಮೊಳೆಯಿಲ್ಲದೆ, ಸ್ಕ್ರೂ ಇಲ್ಲದೆ, ಸ್ಟೂಲು ದಶಕಗಟ್ಟಲೆ ಭಾರ ಹೊರುವುದು ಈ ಜೋಡಣೆಯ ಬಲದಿಂದ.

ಕೂಸಿನ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗದಷ್ಟಿರಬೇಕೆಂಬುದು ಹಳೆಯ ಲೆಕ್ಕ. ಇಂಚು ದಪ್ಪದ ಪಟ್ಟಿಗೆ ಅದು ಹತ್ತಿರ ಹತ್ತಿರ ಮೂರು ನೂಲು. ಆದ್ದರಿಂದ ಮೂರು ನೂಲಿನ ಉಳಿಯನ್ನೇ ಅಳತೆಗೋಲಾಗಿಟ್ಟು, ಗೇಜಿನ ಎರಡು ಮೊನೆಗಳ ನಡುವಿನ ಅಂತರವನ್ನು ಅದರ ಬಾಯಗಲಕ್ಕೆ ಹೊಂದಿಸಿ, ಅದೇ ಗೇಜಿನಿಂದ ಕಾಲಿಗೂ ಪಟ್ಟಿಗೂ ಗೀರುತ್ತಾರೆ. ಅಂಕಿಯನ್ನು ಓದಿ ಬರೆಯುವಾಗ ನುಸುಳುವ ತಪ್ಪಿಗೆ ಇಲ್ಲಿ ಎಡೆಯೇ ಇಲ್ಲ. ಅಕ್ಷರ ಬಾರದ ಬಡಗಿಗಳೂ ತಲೆಮಾರುಗಳ ಕಾಲ ಕರಾರುವಾಕ್ಕಾಗಿ ಕೆಲಸ ಮಾಡಿದ್ದರ ಹಿಂದೆ ಇಂಥ ವಿವೇಕವಿದೆ.

ತೂತನ್ನು ಯಾವಾಗಲೂ ಮೊದಲು ತೋಡಿ, ಕೂಸನ್ನು ಆಮೇಲೆ ಬಿಡಿಸಬೇಕು. ತೂತು ತುಸು ಅಗಲವಾದರೆ ಕೂಸನ್ನು ಅದಕ್ಕೆ ತಕ್ಕಂತೆ ದಪ್ಪವಾಗಿ ಬಿಡಬಹುದು, ಆದರೆ ತೆಳುವಾಗಿ ಕೊಯ್ದ ಕೂಸಿಗೆ ತೂತನ್ನು ಕಿರಿದು ಮಾಡಲಾಗದು. ಪಕ್ಕಪಕ್ಕದ ಎರಡು ಮುಖಗಳಿಂದ ಬಂದ ಕೂಸುಗಳು ಕಾಲಿನ ಒಳಗೆ ಒಂದಕ್ಕೊಂದು ಎದುರಾಗುವುದರಿಂದ ಅವುಗಳ ತುದಿಗಳನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸುತ್ತಾರೆ. ಸರಿಯಾಗಿ ಹೊಂದಿದ ಕೂಸು ಅಂಗೈಯ ಒತ್ತಡಕ್ಕೆ ಮುಕ್ಕಾಲು ಪಾಲು ಇಳಿದು, ಕೊಡತಿಯ ಎರಡು ಮೆಲ್ಲನೆಯ ಏಟಿಗೆ ಪೂರ್ತಿ ಕೂರುತ್ತದೆ. ಸುತ್ತಿಗೆಯಿಂದ ಜೋರಾಗಿ ಬಡಿಯಬೇಕಾಗಿ ಬಂದರೆ ಕಾಲು ಸೀಳಿಹೋಗುತ್ತದೆ. ತಾನೇ ಜಾರಿ ಇಳಿದರೆ ಅಂಟು ಎಷ್ಟು ಹಾಕಿದರೂ ನಿಲ್ಲದು.

ಅಂಟಿನ ಮಾತು ಬಂದಾಗ ಮರವಜ್ರವನ್ನು ನೆನೆಯಬೇಕು. ಪ್ರಾಣಿಗಳ ತೊಗಲು, ಮೂಳೆಗಳಿಂದ ಮಾಡಿದ ಆ ಗಟ್ಟಿ ಅಂಟನ್ನು ನೀರಿನಲ್ಲಿ ನೆನೆಸಿ, ಒಲೆಯ ಮೇಲೆ ಬಿಸಿಮಾಡಿ, ಆರುವ ಮೊದಲೇ ಹಚ್ಚಬೇಕಿತ್ತು. 1959ರಲ್ಲಿ ಫೆವಿಕಾಲ್ ಮಾರುಕಟ್ಟೆಗೆ ಬಂದ ಮೇಲೆ ಆ ಒಲೆ ಆರಿತು. ಹೊಸ ಅಂಟು ಕೆಲಸವನ್ನು ಹಗುರಗೊಳಿಸಿತು ನಿಜ. ಹೊಂದದ ಜೋಡಣೆಯನ್ನೂ ಅಂಟಿನಿಂದ ಮುಚ್ಚಬಹುದೆಂಬ ಅಭ್ಯಾಸ ಬೆಳೆದದ್ದು ಕಲಿಕೆಗೆ ಆದ ನಷ್ಟ. ಆದ್ದರಿಂದ ಮೊದಲ ಸ್ಟೂಲನ್ನು ಅಂಟಿಲ್ಲದೆ ಜೋಡಿಸಿ, ನಿಲ್ಲಿಸಿ, ಎದುರುಬದುರು ಕಾಲುಗಳ ಕರ್ಣವನ್ನು ಅಳೆದು ನೋಡುವುದು ಒಳ್ಳೆಯದು. ಎರಡೂ ಕರ್ಣಗಳು ಸಮವಾಗಿದ್ದರೆ ಮಾತ್ರ ಚೌಕ ಸರಿಯಿದೆ ಎಂದರ್ಥ.

ಬೇಲಿಯ ಜಾಲಿ, ಕಾಡಿನ ಕಮರ

ಕಡಿದ ಮರ ಸತ್ತ ವಸ್ತುವಲ್ಲ. ಅದು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ, ಹಿಗ್ಗುತ್ತ, ಕುಗ್ಗುತ್ತಲೇ ಇರುತ್ತದೆ. ಈ ಏರಿಳಿತ ನಾರಿನ ಉದ್ದಕ್ಕೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ನಾರಿಗೆ ಅಡ್ಡವಾಗಿ ಅದು ಹೆಚ್ಚು. ಅದರಲ್ಲೂ ವಾರ್ಷಿಕ ಬಳೆಗಳ ಸುತ್ತಿನ ದಿಕ್ಕಿನಲ್ಲಿ, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿಗಿಂತ ಸುಮಾರು ಇಮ್ಮಡಿ. ಹಸಿಮರದ ಹಲಗೆ ಒಣಗುತ್ತ ಬಟ್ಟಲಿನಂತೆ ಬಾಗುವುದು ಈ ವ್ಯತ್ಯಾಸದಿಂದಲೇ.

ಅಡಿಯಗಲದ ಹಲಗೆ ಪಾವಗಡದ ಏಪ್ರಿಲ್ ಬಿಸಿಲಿಗೂ ಅಕ್ಟೋಬರಿನ ಮಳೆಗೂ ನಡುವೆ ಒಂದು ನೂಲಿನಷ್ಟು ಹೆಚ್ಚುಕಡಿಮೆ ಆಗಬಲ್ಲದು. ಅದನ್ನು ನಾಲ್ಕೂ ಕಡೆ ಅಂಟಿಸಿ ಕಟ್ಟಿಹಾಕಿದರೆ ಬೇಸಿಗೆಯಲ್ಲಿ ನಡುವೆ ಬಿರುಕು ಬಿಡುತ್ತದೆ. ಅಡ್ಡಪಟ್ಟಿಯಲ್ಲಿ ಕಾಲುವೆಯಂಥ ತೋಡು ಕೊರೆದು, ಅದರೊಳಗೆ ಜಾರಾಡುವ ಸಣ್ಣ ಮರದ ಕೊಂಡಿಗಳಿಂದ ಹಲಗೆಯನ್ನು ಹಿಡಿಸುವ ಪದ್ಧತಿ ಇದಕ್ಕೆ ಪರಿಹಾರ. ಇಂಚು ದಪ್ಪದ ಹಲಗೆ ನೆರಳು ಗಾಳಿಯಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ಹಳೆಯ ಅಂದಾಜು; ಹದವಾಗಿ ಒಣಗಿದ ಮರದಲ್ಲಿ ತೇವಾಂಶ ಶೇ 12ರ ಆಸುಪಾಸಿಗೆ ಇಳಿದಿರುತ್ತದೆ.

ಯಾವ ಮರದಲ್ಲಿ ಕಲಿಯಬೇಕು? ತೇಗ ಎಂಬ ಉತ್ತರ ಎಲ್ಲರ ನಾಲಗೆಯ ಮೇಲಿದೆ. ಕಲಿಕೆಗೆ ಅದು ದುಬಾರಿ. ಬೇವು, ಸಿಲ್ವರ್ ಓಕ್, ಮಾವು ಈ ಸೀಮೆಯಲ್ಲಿ ಸುಲಭವಾಗಿ ಸಿಗುತ್ತವೆ, ಉಳಿಗೆ ಹಿತವಾಗಿ ಬಗ್ಗುತ್ತವೆ. ಹಲಸಿನ ಹಳದಿ ಚೇಗು ಸ್ವಲ್ಪ ಪಳಗಿದ ಕೈಗೆ ಒಪ್ಪುತ್ತದೆ; ಚೇಗೆಂದರೆ ಕಾಂಡದ ಒಳಗಿನ ಬಲಿತ, ಬಣ್ಣ ಗಾಢವಾದ ಭಾಗ, ಅದರ ಸುತ್ತಲಿನ ಬಿಳುಪು ಮರಕ್ಕೆ ಹುಳು ಬೇಗ ಹತ್ತುತ್ತದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯ ಕಾಡುಗಳ ಕಮರ ಭಾರತದ ಅತ್ಯಂತ ಭಾರವಾದ ಮರಗಳಲ್ಲೊಂದು. ನೀರಿಗೆ ಹಾಕಿದರೆ ಮುಳುಗುವ ಆ ಮರವನ್ನು ಹೆಸರಿಸಿ, ಗೌರವಿಸಿ, ಕಾಡಿನಲ್ಲೇ ಬಿಡುವುದು ಸರಿ.

ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಅರ್ಹವಾದದ್ದು ಎಲ್ಲರೂ ಶಪಿಸುವ ಬಳ್ಳಾರಿ ಜಾಲಿ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಮುಳ್ಳುಗಿಡ ಕೆರೆಯಂಗಳ, ಗೋಮಾಳ, ಬೀಳು ಹೊಲಗಳನ್ನೆಲ್ಲ ಆವರಿಸಿದೆ. ಇಲ್ಲಿ ಅದಕ್ಕಿರುವ ಬೆಲೆ ಸೌದೆ ಮತ್ತು ಇದ್ದಿಲಿನದು ಮಾತ್ರ. ಇದೇ ಕುಲದ ಮರಗಳಿಂದ ಅಮೆರಿಕದ ಟೆಕ್ಸಾಸ್‌ನಲ್ಲೂ ಅರ್ಜೆಂಟೀನಾದಲ್ಲೂ ಬೆಲೆಬಾಳುವ ಪೀಠೋಪಕರಣ ತಯಾರಾಗುತ್ತದೆ, ಏಕೆಂದರೆ ಅವುಗಳ ಚೇಗು ಗಟ್ಟಿ, ಕೆಂಗಂದು ಬಣ್ಣದ್ದು, ಎಲ್ಲಕ್ಕಿಂತ ಮಿಗಿಲಾಗಿ ಒಣಗುವಾಗ ಬಹಳ ಕಡಿಮೆ ಕುಗ್ಗುವಂಥದ್ದು.

ಜಾಲಿಯ ಕಾಂಡ ಡೊಂಕು, ನೇರವಾದ ಉದ್ದ ತುಂಡು ಅದರಲ್ಲಿ ಸಿಗದು ಎಂಬ ಆಕ್ಷೇಪ ಬಾಗಿಲಿನ ಮಟ್ಟಿಗೆ ನಿಜ. ಸ್ಟೂಲಿನಲ್ಲಿ ಅತಿ ಉದ್ದದ ತುಂಡೆಂದರೆ ಹದಿನೇಳು ಇಂಚಿನ ಕಾಲು. ಅಷ್ಟು ನೇರ ಮರ ತೊಡೆಗಾತ್ರದ ಬಲಿತ ಜಾಲಿಯಲ್ಲಿ ಸಿಕ್ಕೇ ಸಿಗುತ್ತದೆ. ಮೊದಲ ಸ್ಟೂಲನ್ನು ಬೇವಿನಲ್ಲಿ ಮಾಡಿ, ಎರಡನೆಯದನ್ನು ಜಾಲಿಯಲ್ಲಿ ಮಾಡಿದವರಿಗೆ ಉಳಿಯ ಹರಿತದ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

> ಕಡಿಯುವ ಮುನ್ನ
> ಸ್ವಂತ ಜಮೀನಿನ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಹೆಚ್ಚಿನ ಜಾತಿಗಳನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ಸರ್ವೆ, ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಮರವನ್ನು ಎಲ್ಲಿಂದ ತಂದೆವೆಂಬ ರಶೀದಿ ಇಟ್ಟುಕೊಳ್ಳುವುದೂ ಕಸುಬಿನ ಭಾಗವೇ.

ಶಾಲೆ ಎಲ್ಲಿದೆ

ಮರಗೆಲಸವನ್ನು ಮನೆತನದ ಹೊರಗೆ, ಕ್ರಮಬದ್ಧವಾಗಿ ಕಲಿಸಬಹುದೆಂಬುದನ್ನು ಜಗತ್ತು 19ನೆಯ ಶತಮಾನದಲ್ಲೇ ಕಂಡಿತು. ಫಿನ್ಲೆಂಡ್ 1866ರಲ್ಲಿ ಕೈಕೆಲಸವನ್ನು ಶಾಲಾ ಪಾಠವಾಗಿಸಿತು. ಸ್ವೀಡನ್ನಿನ ನೇಸ್ ಎಂಬಲ್ಲಿ 1870ರ ದಶಕದಲ್ಲಿ ಓಟ್ಟೊ ಸಾಲೊಮನ್ ಸ್ಲಾಯ್ಡ್ ಎಂಬ ಕೈಕೆಲಸದ ಪದ್ಧತಿಯ ಶಿಕ್ಷಕರ ಶಾಲೆ ನಡೆಸಿ, ಚಾಕುವಿನಿಂದ ಕೆತ್ತುವ ಪುಟ್ಟ ಕಡ್ಡಿಯಿಂದ ಹಿಡಿದು ಮೇಜಿನವರೆಗೆ, ಹೊಸ ಕೌಶಲಗಳು ಹಂತ ಹಂತವಾಗಿ ಸೇರುವಂತೆ ಪಾಠದ ಸರಣಿಯನ್ನು ಜೋಡಿಸಿದ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣದ ಯೋಜನೆಯೂ ಕೈಕಸುಬನ್ನೇ ಕಲಿಕೆಯ ನಡುಗಂಬವಾಗಿಸಿತ್ತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ; 1906ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮರ, ದಂತ, ಲೋಹಗಳ ಕೆಲಸವನ್ನು ತರಗತಿಯೊಳಗೆ ತಂದಿತು.

ಇಂದಿನ ದಾರಿಗಳಲ್ಲಿ ಗಟ್ಟಿಯಾದದ್ದು ಐಟಿಐ. ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆಯಡಿ ಕಾರ್ಪೆಂಟರ್ ವೃತ್ತಿ ಒಂದು ವರ್ಷದ್ದು. ಎಂಟನೆಯ ತರಗತಿ ಪಾಸಾದವರು ಸೇರಬಹುದು. ಮರದ ಗುಣಗಳ ಸಂಶೋಧನೆಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ ಅದರಲ್ಲಿ ಯಂತ್ರಾಧಾರಿತ ಮರಗೆಲಸದ ತರಬೇತಿಯೂ ನಡೆಯುತ್ತದೆ.

2023ರ ಸೆಪ್ಟೆಂಬರ್ 17ರಂದು, ವಿಶ್ವಕರ್ಮ ಜಯಂತಿಯ ದಿನ, ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿಯದೇ ಮೊದಲ ಹೆಸರು. ಐದರಿಂದ ಏಳು ದಿನಗಳ 40 ಗಂಟೆಯ ಮೂಲ ತರಬೇತಿ, ಬೇಕೆಂದವರಿಗೆ 15 ದಿನಗಳ 120 ಗಂಟೆಯ ಮುಂದುವರಿದ ತರಬೇತಿ, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಕಸುಬಿನಲ್ಲಿ ಈಗಾಗಲೇ ಇರುವವರಿಗೆ ಇದು ನಿಜವಾದ ಆಸರೆ. ಆದರೆ ಯೋಜನೆ ಇರುವುದೂ ಅವರಿಗಾಗಿಯೇ. ಉಳಿಯನ್ನೇ ಹಿಡಿಯದ ಹೊಸಬರನ್ನು 40 ಗಂಟೆಯಲ್ಲಿ ಬಡಗಿಯಾಗಿಸುವ ಉದ್ದೇಶ ಅದಕ್ಕಿಲ್ಲ, ಅದು ಸಾಧ್ಯವೂ ಇಲ್ಲ. ಸಾಣೆ ಹಿಡಿಯುವುದು ಕೈಗೆ ಹತ್ತುವ ಹೊತ್ತಿಗೇ ಅಷ್ಟು ಗಂಟೆಗಳು ಸವೆದಿರುತ್ತವೆ.

ಹೊಸಬರಿಗೆ ಉಳಿಯುವ ಇನ್ನೊಂದು ದಾರಿ ಅಪ್ರೆಂಟಿಸ್‌ಗಿರಿ, ಅಂದರೆ ಕೆಲಸ ಮಾಡುತ್ತಲೇ ಭತ್ಯೆ ಪಡೆದು ಕಲಿಯುವ ವ್ಯವಸ್ಥೆ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳು 2019ರಲ್ಲಿ ತಿದ್ದುಪಡಿಯಾದ ಮೇಲೂ, ಕನಿಷ್ಠ ನಾಲ್ಕು ಜನ ಕೆಲಸಗಾರರಿರುವ ಸಂಸ್ಥೆಗಳು ಮಾತ್ರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. ಹೋಬಳಿ ಊರಿನ ಬಡಗಿಯ ಶೆಡ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬ ಮೇಸ್ತ್ರಿ, ಹೆಚ್ಚೆಂದರೆ ಒಬ್ಬ ಸಹಾಯಕ. ಕಸುಬನ್ನು ಬುಡದಿಂದ ತುದಿಯವರೆಗೆ ಒಂದೇ ಸೂರಿನಡಿ ಕಲಿಸಬಲ್ಲ ಜಾಗ ಹೀಗೆ ಕಾನೂನಿನ ಲೆಕ್ಕದಿಂದ ಹೊರಗುಳಿಯುತ್ತದೆ. ಪ್ಲೈವುಡ್ ಕತ್ತರಿಸಿ ಲ್ಯಾಮಿನೇಟ್ ಅಂಟಿಸುವ ದೊಡ್ಡ ಘಟಕಗಳು ಅದರೊಳಗೆ ಬರುತ್ತವೆ. ಅಲ್ಲಿ ಒಬ್ಬನು ವರ್ಷವಿಡೀ ಒಂದೇ ಯಂತ್ರದ ಮುಂದೆ ನಿಲ್ಲುವ ಸಂಭವವೇ ಹೆಚ್ಚು.

ಯಂತ್ರವನ್ನು ತಿರಸ್ಕರಿಸಬೇಕೆಂಬುದು ಇಲ್ಲಿನ ವಾದವಲ್ಲ. ಹೊಟ್ಟೆಪಾಡಿಗೆ ದುಡಿಯುವವರು ದಿನಕ್ಕೆ ನೂರು ತೂತನ್ನು ಕೈಯಿಂದ ತೋಡಲಾರರು, ತೋಡಬೇಕಾಗಿಯೂ ಇಲ್ಲ. ಗೆರೆ, ಮುಖ, ನಾರಿನ ದಿಕ್ಕುಗಳನ್ನು ಕೈಗರಗಸದಲ್ಲಿ ತಿಳಿದವರು ಯಂತ್ರದ ಗರಗಸಕ್ಕೆ ಹೋದಾಗ ಅದು ಮರವನ್ನು ಯಾವಾಗ ಹಿಂದಕ್ಕೆ ಎಸೆಯಬಹುದೆಂಬುದನ್ನು ಮೊದಲೇ ಊಹಿಸಬಲ್ಲರು. ಮರದ ದೂಳಿನ ವಿಷಯದಲ್ಲೂ ಎಚ್ಚರ ಬೇಕು. ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಮುಖಗವಸು, ಕಣ್ಣಿಗೆ ಕನ್ನಡಕ, ಶೆಡ್ಡಿಗೆ ಎರಡು ಕಡೆ ಗಾಳಿಯ ದಾರಿ ಬೇಕು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಒಬ್ಬನೇ ಮೇಸ್ತ್ರಿಯಿರುವ ಶೆಡ್ಡನ್ನೂ ಕಲಿಕೆಯ ಸ್ಥಳವೆಂದು ಸರ್ಕಾರ ಒಪ್ಪಿ, ಕಲಿಯುವವರಿಗೆ ಭತ್ಯೆಯನ್ನೂ ಕಲಿಸುವ ಮೇಸ್ತ್ರಿಗೆ ಗೌರವಧನವನ್ನೂ ಒಂದು ಪೂರ್ತಿ ವರ್ಷ ಕೊಡಬೇಕು. ವರ್ಷದ ಕೊನೆಗೆ ಐಟಿಐ ಪರೀಕ್ಷೆಗೆ ಕೂರುವ ಅವಕಾಶ ಕೊಡಬೇಕು. ಗ್ರಾಮ ಪಂಚಾಯಿತಿಗಳು ಅಂಗನವಾಡಿ, ಗ್ರಂಥಾಲಯಗಳಿಗೆ ಬೇಕಾದ ಸ್ಟೂಲು, ಬೆಂಚುಗಳನ್ನು ಇಂಥ ಶೆಡ್ಡುಗಳಿಂದ ಕೊಂಡರೆ ಕಲಿಯುವವರ ಕೈಕೆಲಸಕ್ಕೆ ಮೊದಲ ಗಿರಾಕಿ ಊರೊಳಗೇ ಸಿಗುತ್ತದೆ. ಓದುಗರಿಂದಲೂ ಒಂದು ಕೆಲಸ ಆಗಬಹುದು: ಮನೆಯಲ್ಲಿ ಕಾಲು ಅಲ್ಲಾಡುವ ಹಳೆಯ ಕುರ್ಚಿಯಿದ್ದರೆ ಆಯುಧ ಪೂಜೆಯ ಹಬ್ಬಕ್ಕೆ ಅದನ್ನು ಗುಜರಿಗೆ ಹಾಕದೆ ಹತ್ತಿರದ ಬಡಗಿಯ ಬಳಿ ಒಯ್ಯಿರಿ, ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ ಕೂಸು ಬಿಚ್ಚಿ ಕೂರಿಸುವುದನ್ನು ನಿಂತು ನೋಡಲು ಬಿಡಿ. ಒಂದು ಸ್ಟೂಲಿಗೆ ಬೇಕಾದ ಮರ, ಹೊಟ್ಟು ಸಿಪ್ಪೆ ಸೇರಿಸಿದರೂ, ಅರ್ಧ ಘನ ಅಡಿ.